ಗೋರಿಗಲ್ಲುಗಳ ಬಾಕಿ ವ್ಯವಹಾರ



ಹಾಸ್ಯವೂ ಕರುಣವೂ ಪರಸ್ಪರ ವಿರೋಧಿಗಳಾದ ರಸಗಳೆಂದು ನಮ್ಮ ಆಲಂಕಾರಿಕರು ವಿಧಿಸಿದ್ದಾರೆ. ಕಾವ್ಯದ ಮಟ್ಟಿಗೆ ಆ ವಿಧಿ ಎಷ್ಟು ಸಾಧುವೆಂಬುದನ್ನು ವಿಚಾರಿಸುವ ಸಂದರ್ಭ ಇದಲ್ಲ. ಆದರೆ ಸ್ಮಶಾನದ ಮಟ್ಟಿಗೆ, ಎಂದರೆ ಸತ್ತವರ ತಲೆಯ ಬಳಿ ನೆಟ್ಟ ಕಲ್ಲುಗಳ ಮೇಲಿನ ಬರಹದ ಮಟ್ಟಿಗೆ, ಜನ ಅದನ್ನು ಅಷ್ಟೊಂದು ನಿಷ್ಠೆಯಿಂದ ಪಾಲಿಸಿಕೊಂಡು ಬಂದಂತೆ ಕಾಣುವುದಿಲ್ಲ. ಅಳುವುದಕ್ಕೆಂದು ಬಂದವನು ತುಟಿ ಕಚ್ಚಿ ನಗೆಯನ್ನು ತಡೆದುಕೊಳ್ಳಬೇಕಾದಂತಹ ಲೇಖಗಳು ರೋಮನ್ನರ ಕಾಲದಿಂದ ನಮ್ಮ ಕಾಲದವರೆಗೂ ದೊರೆಯುತ್ತವೆ. ಅವುಗಳಲ್ಲಿ ಕೆಲವನ್ನು ತಮ್ಮ ಮುಂದಿಟ್ಟು, ಅವು ನಗೆಯನ್ನು ಹುಟ್ಟಿಸುವ ಬಗೆ ಎಂತಹುದೆಂದು ವಿಚಾರ ಮಾಡುವುದು ಈ ದತ್ತಿ ಉಪನ್ಯಾಸದ ಉದ್ದೇಶ. ವಿಷಯ ತುಸು ಅಮಂಗಳವಾಯಿತೆಂದು ಯಾರಿಗಾದರೂ ತೋರಿದರೆ ಮನೆಗೆ ಹೋದಮೇಲೆ ಅವರು ಸ್ನಾನ ಮಾಡುವುದಕ್ಕೆ ನನ್ನ ಆಕ್ಷೇಪಣೆಯೇನೂ ಇಲ್ಲ.

ಗೋರಿಗಲ್ಲಿನ ಸಹಜಧರ್ಮ ಸ್ತುತಿ. ಅದರ ಅಡಿಯಲ್ಲಿ ಮಲಗಿದವರೆಲ್ಲರೂ ಅನುರಾಗಿಗಳಾದ ಪತಿಗಳು, ಸಾಧ್ವಿಯರಾದ ಪತ್ನಿಯರು, ವಾತ್ಸಲ್ಯಮೂರ್ತಿಗಳಾದ ತಾಯ್ತಂದೆಗಳು, ಪ್ರಾಮಾಣಿಕರಾದ ವರ್ತಕರು. ಸಾಲಾಗಿ ಓದುತ್ತ ಹೋದರೆ ಐವತ್ತು ಕಲ್ಲು ದಾಟುವಷ್ಟರಲ್ಲಿ ಯಾವ ಸದ್ಗುಣ ಯಾರದೆಂಬ ನೆನಪೇ ಉಳಿಯದು. ಶಿಲಾಲೇಖವನ್ನು ರಚಿಸುವವನು ಪ್ರಮಾಣ ಮಾಡಿ ಸಾಕ್ಷಿ ನುಡಿಯಲು ನಿಂತವನಲ್ಲ ಎಂಬರ್ಥದ ಮಾತನ್ನು ಡಾಕ್ಟರ್ ಜಾನ್ಸನ್ ಒಮ್ಮೆ ಆಡಿದ್ದುಂಟು. ಅದು ಕ್ಷಮೆಯ ಮಾತೋ ಕಟಕಿಯ ಮಾತೋ ಹೇಳುವುದು ಕಷ್ಟ. ಹೀಗೆ ಹೊಗಳಿಸಿಕೊಂಡು ಮಲಗಿದವರಿಗೆ ಲೋಕದೊಡನೆ ಇನ್ನೇನೂ ಕೆಲಸವಿಲ್ಲ. ಅವರ ಖಾತೆ ಚುಕ್ತಾ ಆಗಿದೆ. ನಗೆ ಬರಿಸುವ ಕಲ್ಲುಗಳ ಸ್ಥಿತಿ ಇದಕ್ಕೆ ವಿರುದ್ಧವಾದದ್ದು. ಅಂತಹ ಕಲ್ಲು ಎಲ್ಲಿ ಸಿಕ್ಕಿದರೂ ಅಲ್ಲಿ ಸತ್ತವನಿಗಾಗಲಿ ಅವನನ್ನು ಹೂಳಿದವರಿಗಾಗಲಿ ಬದುಕಿರುವವರೊಡನೆ ಏನೋ ಒಂದು ವ್ಯವಹಾರ ಬಾಕಿ ಉಳಿದಿರುತ್ತದೆ: ಒಂದು ಎಚ್ಚರಿಕೆಯನ್ನು ಹೇಳಬೇಕಾಗಿರುತ್ತದೆ, ಒಂದು ದೂರನ್ನು ದಾಖಲು ಮಾಡಬೇಕಾಗಿರುತ್ತದೆ, ಒಂದು ಲೆಕ್ಕ ತೀರದೆ ನಿಂತಿರುತ್ತದೆ, ಇಲ್ಲವೆ ಒಂದು ಜಗಳದಲ್ಲಿ ಕೊನೆಯ ಮಾತು ತನ್ನದಾಗಬೇಕೆಂಬ ಹಟವಿರುತ್ತದೆ. ಹಾಸ್ಯ ಮಾಡೋಣವೆಂದು ಹೊರಟು ಹಾಸ್ಯ ಮಾಡಿದ ಕಲ್ಲುಗಳು ತೀರ ವಿರಳ. ಮಾಡಿದಲ್ಲಿಯೂ ಅವು ಅಷ್ಟಾಗಿ ಸೊಗಸುವುದಿಲ್ಲ.

ರೋಮನ್ನರಿಂದ ಆರಂಭಿಸುವುದಕ್ಕೆ ಕಾರಣವುಂಟು. ಊರೊಳಗೆ ಶವವನ್ನು ಹೂಳಕೂಡದು, ಸುಡಕೂಡದು ಎಂದು ಅವರ ಪ್ರಾಚೀನವಾದ ದ್ವಾದಶ ಫಲಕಗಳ ಕಾನೂನೇ ಕಟ್ಟುಮಾಡಿದ್ದರಿಂದ ಗೋರಿಗಳೆಲ್ಲ ಊರಿನಿಂದ ಹೊರಡುವ ಹೆದ್ದಾರಿಗಳ ಇಕ್ಕೆಲದಲ್ಲಿ ಸಾಲುಗಟ್ಟಿದವು. ತತ್ಫಲವಾಗಿ ಅವರ ಕಲ್ಲುಗಳು ದೇವರೊಡನೆ ಮಾತನಾಡುವ ಬದಲು ದಾರಿಹೋಕನೊಡನೆ ಮಾತಿಗೆ ತೊಡಗಿದವು. ನಿಲ್ಲು, ಓದು, ಹೋಗು ಎಂಬ ಮೂರು ಅಪ್ಪಣೆಗಳು ಅಲ್ಲಿ ಸಾಮಾನ್ಯ. ನಾನು ಇರಲಿಲ್ಲ, ಇದ್ದೆ, ಈಗ ಇಲ್ಲ, ಅದರ ಚಿಂತೆಯೂ ನನಗಿಲ್ಲ ಎಂಬ ತಾತ್ಪರ್ಯದ ಒಂದು ಸೂತ್ರ ಎಷ್ಟು ಗೋರಿಗಳ ಮೇಲೆ ಬಳಕೆಯಾಯಿತೆಂದರೆ ಕೊನೆಗೆ ಕಲ್ಲುಕುಟಿಗರು ಪೂರ್ತಿ ವಾಕ್ಯವನ್ನು ಕೆತ್ತುವ ಶ್ರಮವನ್ನು ಬಿಟ್ಟು ಪ್ರತಿಯೊಂದು ಪದದ ಮೊದಲಕ್ಷರವನ್ನು ಮಾತ್ರ ಕೆತ್ತತೊಡಗಿದರು. ಪರಮವೈರಾಗ್ಯವೂ ಆರೇಳು ಅಕ್ಷರಗಳ ಸಂಕ್ಷೇಪಕ್ಕಿಳಿದದ್ದನ್ನು ಕಂಡರೆ ನಗೆ ಬಾರದಿರದು. ವ್ಯವಹಾರವೆಲ್ಲ ಮುಗಿದುಹೋದ ಸತ್ತವನ ಮಾತು ಎಷ್ಟು ಬೇಗ ಬರಡಾಗುತ್ತದೆ ಎಂಬುದಕ್ಕೆ ಇದೇ ನಿದರ್ಶನ.

ವ್ಯವಹಾರ ಮುಗಿಯದವನ ನಿದರ್ಶನಕ್ಕೆ ಮಧ್ಯ ಇಟಲಿಯ ಇಸೆರ್ನಿಯಕ್ಕೆ ಹೋಗಬೇಕು. ಅಲ್ಲಿ ದೊರೆತು ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಒಂದು ಕಲ್ಲನ್ನು ಲೂಸಿಯಸ್ ಕ್ಯಾಲಿಡಿಯಸ್ ಎರಾಟಿಕಸ್ ಎಂಬುವನು ತಾನು ಬದುಕಿರುವಾಗಲೇ ತನಗಾಗಿಯೂ ಫ್ಯಾನಿಯ ವೊಲುಪ್ಟಾಸ್ ಎಂಬುವಳಿಗಾಗಿಯೂ ಮಾಡಿಸಿದನು. ಹೆಸರುಗಳಲ್ಲಿಯೇ ಶೃಂಗಾರವೂ ಸುಖವೂ ಅಡಗಿರುವುದನ್ನು ಗಮನಿಸಿ ಇವು ನಿಜವಾದ ಹೆಸರುಗಳೋ ಅಲ್ಲವೋ ಎಂದು ವಿದ್ವಾಂಸರು ಹುಬ್ಬೇರಿಸಿದ್ದಾರೆ. ಕಲ್ಲಿನ ಮೇಲೆ ಕುಲಾವಿಯ ನಿಲುವಂಗಿ ತೊಟ್ಟ ಒಬ್ಬ ಪ್ರಯಾಣಿಕ ತನ್ನ ಹೇಸರಗತ್ತೆಯನ್ನು ಹಿಡಿದು ನಿಂತಿದ್ದಾನೆ. ಎದುರಿಗೆ ಛತ್ರದವರು ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದಾರೆ. ಲೇಖದ ತುಂಬ ಆ ಲೆಕ್ಕವೇ. ಲೆಕ್ಕ ಮಾಡೋಣ ಎನ್ನುತ್ತಾನೆ ಪ್ರಯಾಣಿಕ. ಒಂದು ಅಳತೆ ದ್ರಾಕ್ಷಾರಸ ಮತ್ತು ರೊಟ್ಟಿ, ಒಂದು ಕಾಸು. ನೆಂಚಿಕೊಳ್ಳುವುದಕ್ಕೆ ಕೊಟ್ಟದ್ದು, ಎರಡು ಕಾಸು. ಒಪ್ಪಿದೆ ಎನ್ನುತ್ತಾನೆ. ರಾತ್ರಿಯ ಹುಡುಗಿ, ಎಂಟು ಕಾಸು. ಅದಕ್ಕೂ ಒಪ್ಪಿದೆ ಎನ್ನುತ್ತಾನೆ. ಹೇಸರಗತ್ತೆಗೆ ಹುಲ್ಲು, ಎರಡು ಕಾಸು. ಇಲ್ಲಿಗೆ ಅವನ ಸಹನೆ ಮುಗಿಯುತ್ತದೆ: ಈ ಹೇಸರಗತ್ತೆ ನನ್ನ ಮನೆ ಹಾಳುಮಾಡುತ್ತದೆ ಎಂದು ಉದ್ಗರಿಸುತ್ತಾನೆ. ಒಟ್ಟು ಹದಿಮೂರು ಕಾಸಿನಲ್ಲಿ ಎಂಟನ್ನು ಮರುಮಾತಿಲ್ಲದೆ ತೆತ್ತು ಎರಡಕ್ಕೆ ಗೊಣಗುವ ಈ ಮನುಷ್ಯಸ್ವಭಾವವನ್ನು ಬಲ್ಲವರಿಗೆ ವ್ಯಾಖ್ಯಾನ ಬೇಕಾಗಿಲ್ಲ. ಛತ್ರ ನಡೆಸಿ ಬದುಕಿದ ದಂಪತಿಗಳು ಗಿರಾಕಿಗಳ ಮೇಲಿನ ತಮ್ಮ ಹಳೆಯ ಮುನಿಸನ್ನು ಗೋರಿಯವರೆಗೂ ಕೊಂಡೊಯ್ದಿರಬೇಕೆಂದು ನನ್ನ ಊಹೆ. ಪ್ರಯಾಣಿಕ ದುಡ್ಡು ಕೊಟ್ಟನೆಂದು ಕಲ್ಲಿನಲ್ಲಿ ಎಲ್ಲಿಯೂ ಹೇಳಿಲ್ಲ.

ಕಸುಬಿನ ಅಭಿಮಾನ ಇನ್ನೊಂದು ಬಗೆಯ ಬಾಕಿ. ರೋಮಿನ ಪೋರ್ಟ ಮಜೋರೆ ಎಂಬ ಹೆಬ್ಬಾಗಿಲಿನ ಪಕ್ಕದಲ್ಲಿ, ನಂತರದ ಕಟ್ಟಡವೊಂದನ್ನು 1838ರಲ್ಲಿ ಕೆಡವಿದಾಗ, ಯೂರಿಸಾಕಿಸ್ ಎಂಬ ರೊಟ್ಟಿಯ ಗುತ್ತಿಗೆದಾರನ ಗೋರಿ ಬಯಲಾಯಿತು. ಕಾಳು ಬೀಸುವುದರಿಂದ ತೊಡಗಿ ರೊಟ್ಟಿ ತೂಗುವವರೆಗೆ ಅವನ ಕಾರ್ಖಾನೆಯ ಸಮಸ್ತ ಕೆಲಸವನ್ನೂ ಅದರ ಮೇಲ್ಭಾಗದಲ್ಲಿ ಕೆತ್ತಿದ್ದಾರೆ. ಅಲ್ಲಿಯೇ ದೊರೆತ ಇನ್ನೊಂದು ಲೇಖದಲ್ಲಿ ಅಟಿಸ್ಟಿಯ ಎಂಬ ಪತ್ನಿಯ ಗುಣವನ್ನು ಹೊಗಳಿ, ಅವಳ ದೇಹದಲ್ಲಿ ಉಳಿದದ್ದು ಈ ರೊಟ್ಟಿಯ ಬುಟ್ಟಿಯಲ್ಲಿದೆ ಎಂದು ಬರೆದಿದೆ. ಬರೆಸಿದವನಿಗೆ ಇದರಲ್ಲಿ ನಗುವಂತಹುದೇನೂ ತೋರಿರಲಾರದು. ರೊಟ್ಟಿಯವನಿಗೆ ಬುಟ್ಟಿಗಿಂತ ಪೂಜ್ಯವಾದ ಪಾತ್ರೆ ಯಾವುದಿದೆ?

ಇಂಗ್ಲೆಂಡಿಗೆ ಬಂದರೆ ಮೊಟ್ಟಮೊದಲು ನಿಲ್ಲಬೇಕಾದ ಸ್ಥಳ ವಿಂಚೆಸ್ಟರ್ ಕೆಥೀಡ್ರಲ್ಲಿನ ಅಂಗಳ. ಉತ್ತರ ಹ್ಯಾಂಪ್‌ಷೈರ್ ಮಿಲಿಷಿಯದ ಗ್ರೆನೇಡಿಯರ್ ಸಿಪಾಯಿ ಥಾಮಸ್ ಥೆಚರ್ ಅಲ್ಲಿ ಮಲಗಿದ್ದಾನೆ. 1764ರ ಮೇ 12ರಂದು, ತನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ, ಮೈ ಕಾದಿರುವಾಗ ತೆಳು ಬಿಯರನ್ನು ಕುಡಿದದ್ದರಿಂದ ಬಂದ ತೀವ್ರವಾದ ಜ್ವರದಿಂದ ತೀರಿಕೊಂಡನೆಂದು ಕಲ್ಲು ಸಾರುತ್ತದೆ. ತೆಳು ಬಿಯರೆಂದರೆ ಆ ಕಾಲದಲ್ಲಿ ಕೂಲಿಗಾರರೂ ಸಿಪಾಯಿಗಳೂ ಮಕ್ಕಳೂ ಕೂಡ ನೀರಿಗೆ ಬದಲಾಗಿ ಕುಡಿಯುತ್ತಿದ್ದ, ಅಮಲಿನ ಅಂಶ ಬಹು ಸ್ವಲ್ಪವೇ ಇದ್ದ ಪಾನೀಯ. ಗೆಳೆಯನ ಸಜ್ಜನಿಕೆಯನ್ನು ಸ್ಮರಿಸಿ ಸಹಸೈನಿಕರೇ ತಮ್ಮ ಖರ್ಚಿನಲ್ಲಿ ನೆಡಿಸಿದ ಈ ಕಲ್ಲಿನ ಪದ್ಯ ಮುಂದೆ ಉಪದೇಶಕ್ಕೆ ತೊಡಗುತ್ತದೆ. ಆ ಉಪದೇಶದಲ್ಲಿಯೇ ಇದರ ಸ್ವಾರಸ್ಯವೆಲ್ಲ ಇರುವುದು. ಕುಡಿತ ಕೆಟ್ಟದ್ದು, ಬಿಡಿರಿ ಎಂದು ಅದು ಹೇಳುವುದಿಲ್ಲ. ಸಿಪಾಯಿಗಳೇ, ಇವನ ಅಕಾಲಮರಣದಿಂದ ಬುದ್ಧಿ ಕಲಿಯಿರಿ, ಬಿಸಿಲಿನಲ್ಲಿ ಬೆಂದು ಬಂದಾಗ ಕುಡಿಯುವುದಾದರೆ ಗಟ್ಟಿಯಾದದ್ದನ್ನೇ ಕುಡಿಯಿರಿ, ಇಲ್ಲವಾದರೆ ಏನನ್ನೂ ಕುಡಿಯಬೇಡಿರಿ ಎಂಬುದು ಅದರ ಸಾರ. ಚರ್ಚಿನ ಅಂಗಳದಲ್ಲಿ, ಪಾದ್ರಿಗಳ ಕಣ್ಣೆದುರಿನಲ್ಲಿಯೇ, ಮದ್ಯವು ಸಾಕಷ್ಟು ಕಡುವಾಗಿರದಿದ್ದುದೇ ಮರಣಕಾರಣವೆಂದು ನಿರ್ಣಯಿಸಿದ ಶಾಸನ ಇದು. ವೈದ್ಯಶಾಸ್ತ್ರದ ದೃಷ್ಟಿಯಿಂದ ಸಿಪಾಯಿಗಳ ತರ್ಕ ಪೂರ್ತಿ ಹುಸಿಯೆನ್ನುವಂತೆಯೂ ಇಲ್ಲ. ಅಮಲು ಕಡಿಮೆಯಾದ ಪಾನೀಯ ಬೇಗ ಕೆಡುತ್ತದೆ, ಕೆಟ್ಟ ಪಾನೀಯದಿಂದ ಜ್ವರ ಬರುವುದು ಅಸಂಭವವೇನಲ್ಲ.

ಈ ಕಲ್ಲಿಗೆ ದೊರೆತಷ್ಟು ಆರೈಕೆ ಎಷ್ಟೋ ಸೇನಾಪತಿಗಳ ಸ್ಮಾರಕಗಳಿಗೆ ದೊರೆತಿಲ್ಲ. ಅಕ್ಷರಗಳು ಸವೆದುಹೋದುವೆಂದು 1781ರಲ್ಲಿ ಅಲ್ಲಿನ ದಂಡಿನ ಅಧಿಕಾರಿಗಳು ಅದನ್ನು ಸರಿಪಡಿಸಿ, ಒಳ್ಳೆಯ ಸಿಪಾಯಿ ಕೋವಿಯಿಂದ ಸತ್ತರೂ ಒಂದೇ, ಹೂಜಿಯಿಂದ ಸತ್ತರೂ ಒಂದೇ, ಅವನನ್ನು ಯಾರೂ ಮರೆಯರು ಎಂಬರ್ಥದ ಇನ್ನೆರಡು ಸಾಲುಗಳನ್ನು ಸೇರಿಸಿದರು. 1802ರಲ್ಲಿ ಮಿಲಿಷಿಯದವರು ಹೊಸ ಕಲ್ಲನ್ನು ನೆಟ್ಟರು, ಈಗಿರುವುದು 1966ರದು. ಮೊದಲನೆಯ ಮಹಾಯುದ್ಧದ ಕೊನೆಯ ವರ್ಷದಲ್ಲಿ ಅಮೆರಿಕದ ಒಬ್ಬ ಯುವ ಸೈನ್ಯಾಧಿಕಾರಿ ಆ ಅಂಗಳದಲ್ಲಿ ಅಡ್ಡಾಡುತ್ತ ಈ ಪದ್ಯವನ್ನು ಓದಿದನು. ಮುಂದೆ ಕುಡಿತಕ್ಕೆ ಬಲಿಯಾಗಿ, ಅದರಿಂದ ಬಿಡಿಸಿಕೊಂಡು, ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಸಂಸ್ಥೆಯನ್ನು ಕಟ್ಟಿದ ಬಿಲ್ ವಿಲ್ಸನ್ನನೇ ಆತ. 1939ರಲ್ಲಿ ಪ್ರಕಟವಾದ ಆ ಸಂಸ್ಥೆಯ ಗ್ರಂಥದ ಮೊದಲ ಅಧ್ಯಾಯದಲ್ಲಿಯೇ, ತಾನು ಲಕ್ಷ್ಯ ಕೊಡದೆ ಹೋದ ಅಪಶಕುನವೆಂಬಂತೆ ಥೆಚರನ ಕಲ್ಲನ್ನು ಅವನು ಸ್ಮರಿಸುತ್ತಾನೆ. ಗಟ್ಟಿಯಾದದ್ದನ್ನೇ ಕುಡಿಯಿರಿ ಎಂದು ಸಾರುವ ಕಲ್ಲು ಕುಡಿತ ಬಿಟ್ಟವರ ಧರ್ಮಗ್ರಂಥದ ಬಾಗಿಲಲ್ಲಿ ನಿಂತಿದೆ. ಇಂತಹುದನ್ನು ಯಾವ ಪ್ರಹಸನಕಾರನೂ ಕಲ್ಪಿಸಲಾರ.

ವಿಲ್ಟ್‌ಷೈರಿನ ಮಾಮ್ಸ್‌ಬರಿಯಲ್ಲಿ ಹ್ಯಾನ ಟ್ವಿನಾಯ್ ಎಂಬುವಳ ಕಲ್ಲಿದೆ. ಅವಳು 1703ರ ಅಕ್ಟೋಬರ್ 23ರಂದು ಹುಲಿಯ ಬಾಯಿಗೆ ಸಿಕ್ಕಿ ಸತ್ತಳು. ಇಂಗ್ಲೆಂಡಿನಲ್ಲಿ ಹುಲಿಯೆಲ್ಲಿ ಎಂದರೆ, ಪ್ರದರ್ಶನಕ್ಕಾಗಿ ತಂದ ಮೃಗಗಳ ಗುಂಪೊಂದು ‘ಬಿಳಿ ಸಿಂಹ’ವೆಂಬ ಹೆಸರಿನ ಹೋಟೆಲಿನಲ್ಲಿ ಬೀಡುಬಿಟ್ಟಿತ್ತು; ಅಲ್ಲಿ ಇವಳು ಪರಿಚಾರಿಕೆ. ಪಾಪ, ಎದುರಿಸಿ ಕಾದುವುದಕ್ಕೆ ಅವಳಿಗೆ ಜಾಗವಿರಲಿಲ್ಲವೆಂದು ಪದ್ಯ ಮರುಗುತ್ತದೆ; ಜಾಗವಿದ್ದಿದ್ದರೆ ಹುಲಿಯ ಗತಿ ಏನಾಗುತ್ತಿತ್ತೋ ಎಂದು ಓದುವವನು ಯೋಚಿಸಬೇಕಾಗುತ್ತದೆ. ಪ್ರಾಸಕ್ಕೆ ಸಿಕ್ಕಿಬಿದ್ದ ಕವಿಯ ಕಷ್ಟ ನಮ್ಮಲ್ಲಿ ಆದಿಪ್ರಾಸದ ಕಾಟವನ್ನು ಅನುಭವಿಸಿದವರಿಗೆ ಚೆನ್ನಾಗಿ ಗೊತ್ತು.

ಶೇಕ್ಸ್‌ಪಿಯರನ ಗೋರಿಯ ವಿಷಯ ಎಲ್ಲರೂ ಬಲ್ಲದ್ದು. ಸ್ಟ್ರ್ಯಾಟ್‌ಫರ್ಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ, 1616ರಲ್ಲಿ ಹೂಳಿದ ಆ ಮಹಾಕವಿಯ ಮೇಲಿನ ಹಾಸುಗಲ್ಲಿನಲ್ಲಿ ಹೆಸರಿಲ್ಲ, ಕೀರ್ತಿಯಿಲ್ಲ, ನಾಟಕಗಳ ಸುದ್ದಿಯಿಲ್ಲ. ಇರುವುದು ಒಂದು ಆಶೀರ್ವಾದ, ಒಂದು ಶಾಪ: ಕಲ್ಲನ್ನು ಮುಟ್ಟದವನಿಗೆ ಒಳ್ಳೆಯದಾಗಲಿ, ಎಲುಬನ್ನು ಕದಲಿಸಿದವನಿಗೆ ಕೇಡಾಗಲಿ. ಆ ಕಾಲದಲ್ಲಿ ಸ್ಥಳ ಸಾಲದೆ ಬಂದಾಗ ಹಳೆಯ ಎಲುಬುಗಳನ್ನು ತೆಗೆದು ಅಸ್ಥಿಗೃಹಕ್ಕೆ ಎಸೆಯುವ ಪದ್ಧತಿಯಿತ್ತಾದ್ದರಿಂದ ಬಾಕಿ ವ್ಯವಹಾರವೇನೆಂಬುದು ಸ್ಪಷ್ಟವೇ ಇದೆ. ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುವನೆಂಬ ಶಾಪಾಶಯವನ್ನು ನೂರಾರು ಕನ್ನಡ ಶಾಸನಗಳ ಕೊನೆಯಲ್ಲಿ ಓದಿ ಅಭ್ಯಾಸವಾದ ನಮಗೆ ಇಂಗ್ಲಿಷ್ ಶಾಪ ತೀರ ಸಪ್ಪೆಯಾಗಿ ತೋರುತ್ತದೆ. ಲೆಕ್ಕವಿಲ್ಲದ ಶಾಪಕ್ಕೆ ಹೆದರುವವರು ಯಾರು? ಆದರೂ ನಾಲ್ಕು ಶತಮಾನಗಳ ಕಾಲ ಆ ಕಲ್ಲನ್ನು ಅಧಿಕೃತವಾಗಿ ಎತ್ತಿಸುವ ಧೈರ್ಯ ಯಾರಿಗೂ ಬಂದಿಲ್ಲವಾದ್ದರಿಂದ ಶಾಪ ಫಲಿಸಿತೆಂದೇ ಹೇಳಬೇಕು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ವಿನೋದದ ಗೋರಿಲೇಖಗಳೆಂದು ಸಂಕಲನಗಳಲ್ಲಿ ಅಚ್ಚಾದವುಗಳಲ್ಲಿ ದೊಡ್ಡ ಪಾಲು ಕಲ್ಲನ್ನು ಕಂಡವೇ ಅಲ್ಲ. ತನ್ನ ಕಡೆಯ ಕುಳಿಯನ್ನು ತುಂಬುತ್ತ ಮಲಗಿರುವ ದಂತವೈದ್ಯನನ್ನು ಒಂದೊಂದು ಪುಸ್ತಕವೂ ಒಂದೊಂದು ಊರಿನಲ್ಲಿ ಹೂಳಿದೆ. ಬೆಂಜಮಿನ್ ಫ್ರಾಂಕ್ಲಿನ್ನನು 1728ರಲ್ಲಿ, ಇನ್ನೂ ಇಪ್ಪತ್ತೆರಡರ ಪ್ರಾಯದ ಮುದ್ರಕನಾಗಿದ್ದಾಗ, ತನ್ನ ಗೋರಿಗೆಂದು ರಚಿಸಿದ ಲೇಖ ಜಗತ್ಪ್ರಸಿದ್ಧ: ಒಳಗಿನ ಹಾಳೆ ಹರಿದು, ಹೊದಿಕೆಯ ಚಿನ್ನದ ಅಕ್ಷರ ಅಳಿಸಿದ ಹಳೆಯ ಪುಸ್ತಕವೊಂದರ ರಟ್ಟಿನಂತೆ ಮುದ್ರಕನ ದೇಹ ಇಲ್ಲಿ ಬಿದ್ದಿದೆ, ಗ್ರಂಥಕರ್ತನು ತಿದ್ದಿದ ಹೊಸ ಆವೃತ್ತಿಯಾಗಿ ಅದು ಮತ್ತೆ ಬರುವುದು ಎಂಬುದು ಅದರ ಭಾವ. ಆದರೆ ಅರವತ್ತೆರಡು ವರ್ಷಗಳ ಮೇಲೆ ಅವನು ನಿಜವಾಗಿ ಸತ್ತಾಗ ಫಿಲಡೆಲ್ಫಿಯದ ಕ್ರೈಸ್ಟ್ ಚರ್ಚ್ ಸ್ಮಶಾನದಲ್ಲಿ ಅವನ ಉಯಿಲಿನಂತೆ ಹಾಸಿದ ಚಪ್ಪಡಿಯ ಮೇಲೆ ಇರುವುದು ಬೆಂಜಮಿನ್ ಮತ್ತು ಡೆಬೊರ ಫ್ರಾಂಕ್ಲಿನ್, 1790, ಇಷ್ಟೇ. ಇಪ್ಪತ್ತೆರಡರಲ್ಲಿ ಸಾವಿನೊಡನೆ ಸರಸವಾಡುವುದು ಸುಲಭ. ಎಂಬತ್ತನಾಲ್ಕರಲ್ಲಿ ಹೆಂಡತಿಯ ಹೆಸರು ಪಕ್ಕದಲ್ಲಿದ್ದರೆ ಸಾಕೆನಿಸುತ್ತದೆ.

ಅಚ್ಚಿನಲ್ಲಿಯೇ ಉಳಿದ ಲೇಖಗಳಲ್ಲಿ ಅತ್ಯಂತ ಕ್ರೂರವಾದದ್ದು ಜೊನಾಥನ್ ಸ್ವಿಫ್ಟನದು. ಜಾನ್ ಪಾರ್ಟ್ರಿಜ್ ಎಂಬ ಪಂಚಾಂಗದವನು ವರ್ಷವರ್ಷವೂ ದೊಡ್ಡವರ ಸಾವನ್ನು ನುಡಿಯುತ್ತಿದ್ದುದರಿಂದ ಬೇಸತ್ತು, ಸ್ವಿಫ್ಟನು ಐಸಾಕ್ ಬಿಕರ್‌ಸ್ಟಾಫ್ ಎಂಬ ಕೃತಕನಾಮದಿಂದ ತಾನೂ ಒಂದು ಭವಿಷ್ಯವನ್ನು ಪ್ರಕಟಿಸಿ, 1708ರ ಮಾರ್ಚ್ 29ರ ರಾತ್ರಿ ಸುಮಾರು 11 ಗಂಟೆಗೆ ಪಾರ್ಟ್ರಿಜನು ಜ್ವರದಿಂದ ಸಾಯುವನೆಂದು ನುಡಿದನು. ಹೊತ್ತು ಮೀರಿದ ಕೂಡಲೆ ಸಾವಿನ ವರ್ತಮಾನವನ್ನೂ, ಗೋರಿಯ ಪದ್ಯವನ್ನೊಳಗೊಂಡ ಒಂದು ಚರಮಗೀತೆಯನ್ನೂ ಅಚ್ಚುಹಾಕಿಸಿದನು. ತಾನು ಬದುಕಿದ್ದೇನೆಂದು ಪಾರ್ಟ್ರಿಜ್ ಮುಂದಿನ ವರ್ಷದ ಪಂಚಾಂಗದಲ್ಲಿ ಪ್ರತಿಭಟಿಸಬೇಕಾಯಿತು. ಅವನ ಪಂಚಾಂಗದಂತಹ ಕಸವನ್ನು ಬದುಕಿರುವ ಮನುಷ್ಯನಾರೂ ಬರೆದಿರಲಾರನೆಂಬುದೇ ಅವನು ಸತ್ತದ್ದಕ್ಕೆ ಪ್ರಮಾಣವೆಂದು ಸ್ವಿಫ್ಟನು ಉತ್ತರ ಕೊಟ್ಟನು. ಪಾರ್ಟ್ರಿಜ್ ನಿಜವಾಗಿ ಸತ್ತದ್ದು 1715ರಲ್ಲಿ. ಆಗ ಅವನಿಗಾಗಿ ಯಾರೂ ಅಷ್ಟು ಶ್ರಮ ತೆಗೆದುಕೊಳ್ಳಲಿಲ್ಲ.

ಇದೇ ಸ್ವಿಫ್ಟನು ಡಬ್ಲಿನ್ನಿನ ಸೇಂಟ್ ಪ್ಯಾಟ್ರಿಕ್ ಕೆಥೀಡ್ರಲ್ಲಿನ ಡೀನನಾದ ಮೇಲೆ ಕಲ್ಲಿನಲ್ಲಿಯೇ ಬರೆಸಿದ ಒಂದು ಲೇಖವಿದೆ. ನನ್ನ ಮಟ್ಟಿಗೆ ಈ ಪ್ರಕಾರದಲ್ಲೆಲ್ಲ ಅದೇ ಶ್ರೇಷ್ಠವಾದದ್ದು. 1690ರ ಬಾಯ್ನ್ ನದಿಯ ಕಾಳಗದಲ್ಲಿ, ಎಪ್ಪತ್ತು ದಾಟಿದ ಮುಪ್ಪಿನಲ್ಲಿ, ಹೊಳೆಯ ನಡುವೆ ಕಾದುತ್ತ ಮಡಿದ ಷೋಂಬರ್ಗ್ ಡ್ಯೂಕನನ್ನು ಆ ದೇವಾಲಯದಲ್ಲಿ ಹೂಳಿದ್ದರು. ನಲವತ್ತು ವರ್ಷ ಸಂದರೂ ಮೇಲೊಂದು ಕಲ್ಲಿರಲಿಲ್ಲ. ಸ್ಮಾರಕಕ್ಕೆ ಹಣ ಕಳುಹಿಸಬೇಕೆಂದು ಸ್ವಿಫ್ಟನು ಸಿರಿವಂತರಾದ ವಾರಸುದಾರರಿಗೆ ಬರೆದನು, ಬರೆಸಿದನು, ಸ್ನೇಹಿತರ ಮೂಲಕ ಹೇಳಿಸಿದನು. ದುಡ್ಡೂ ಬರಲಿಲ್ಲ, ಮರ್ಯಾದೆಯ ಉತ್ತರವೂ ಬರಲಿಲ್ಲ. 1731ರಲ್ಲಿ ಡೀನನೂ ಅವನ ಮಂಡಲಿಯವರೂ ತಾವೇ ಒಂದು ಫಲಕವನ್ನು ಗೋಡೆಗೆ ಹಾಕಿಸಿದರು. ಅದರ ಲ್ಯಾಟಿನ್ ಶುದ್ಧವೂ ಗಂಭೀರವೂ ಆದದ್ದು. ಪತ್ರಗಳಿಂದಲೂ ಮಿತ್ರರಿಂದಲೂ ಮತ್ತೆ ಮತ್ತೆ ಬೇಡಿಕೊಂಡು ಪ್ರಯೋಜನವಾಗದ ಕಾರಣ ತಾವೇ ಕಡೆಗೆ ಈ ಕಲ್ಲನ್ನು ನಿಲ್ಲಿಸಿದೆವೆಂದೂ, ಷೋಂಬರ್ಗನ ಬೂದಿ ಎಲ್ಲಿ ಅಡಗಿದೆಯೆಂದು ದಾರಿಹೋಕನಿಗೆ ತಿಳಿಯಲಿ ಎಂಬುದಷ್ಟೇ ಉದ್ದೇಶವೆಂದೂ, ಹತ್ತಿರದ ರಕ್ತಸಂಬಂಧವು ತನ್ನವರಲ್ಲಿ ಮಾಡಲಾರದ ಕೆಲಸವನ್ನು ಅವನ ಶೌರ್ಯದ ಕೀರ್ತಿಯು ಪರರಲ್ಲಿ ಮಾಡಿಸಿತೆಂದೂ ಅದು ತಿಳಿಸುತ್ತದೆ. ಸತ್ತವನನ್ನು ಒಂದು ಕೈಯಿಂದ ಪೂಜಿಸುತ್ತ ಇನ್ನೊಂದು ಕೈಯಿಂದ ಬದುಕಿದ್ದವರ ಕೆನ್ನೆಗೆ ಬಾರಿಸಿದ ಬಗೆಯನ್ನು ನೋಡಿರಿ. ಬಾಕಿದಾರರ ಪಟ್ಟಿಯನ್ನು ದೇವಾಲಯದ ಗೋಡೆಗೆ ಹಚ್ಚುವ ಉಪಾಯ ನಮ್ಮ ಸಹಕಾರ ಸಂಘಗಳಿಗೂ ಇನ್ನೂ ಹೊಳೆದಂತಿಲ್ಲ.

ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಬಾಳೇ ಒಂದು ತಮಾಷೆಯೆಂಬ ಭಾವದ ದ್ವಿಪದಿಯನ್ನು ತನಗಾಗಿ ತಾನೇ ಬರೆದುಕೊಂಡ ಜಾನ್ ಗೇ ಕವಿಯ ಸ್ಮಾರಕವೂ, ನಿಂತ ಭಂಗಿಯಲ್ಲಿಯೇ ಹೂಳಿಸಿಕೊಂಡ ನಾಟಕಕಾರ ಬೆನ್ ಜಾನ್ಸನ್ನನ ಕಲ್ಲೂ ಇವೆ. ಗೇಯ ನಗೆ ನನಗೆ ಸಾಲದು. ಅದರಲ್ಲಿ ಪ್ರಯತ್ನ ಕಾಣುತ್ತದೆ. ಬೆನ್ನನ ಕಲ್ಲು ಮೇಲು, ಅದರ ಅಕ್ಷರಗಳಿಗೆ ಕಲ್ಲುಕುಟಿಗನಿಗೆ ಹದಿನೆಂಟು ಪೆನ್ನಿ ತೆತ್ತ ಗೆಳೆಯನ ಕಥೆ ಇನ್ನೂ ಮೇಲು.

ನಮ್ಮ ದೇಶದ ಇಂಗ್ಲಿಷ್ ಗೋರಿಗಳಲ್ಲಿ ಬಹುತೇಕ ಎಳೆವಯಸ್ಸಿನ ಸಾವುಗಳು; ಅವುಗಳ ಮುಂದೆ ನಗುವುದು ಸಲ್ಲದು. ಒಂದು ಮಾತ್ರ ಅಪವಾದ. ಕಲ್ಕತ್ತೆಯ ಸೇಂಟ್ ಜಾನ್ಸ್ ಚರ್ಚಿನ ಅಂಗಳದಲ್ಲಿ, 1812ರಲ್ಲಿ ಎಂಬತ್ತೇಳರ ವೃದ್ಧಾಪ್ಯದಲ್ಲಿ ತೀರಿಕೊಂಡ, ಜನ ಬೇಗಂ ಜಾನ್ಸನ್ ಎಂದು ಕರೆಯುತ್ತಿದ್ದ ಫ್ರಾನ್ಸಿಸಳ ಗೋರಿಯಿದೆ. ಅದರ ದೀರ್ಘವಾದ ಲೇಖ ಅವಳ ಗಂಡಂದಿರನ್ನು ಕ್ರಮವಾಗಿ, ರಾಜವಂಶಾವಳಿಯ ಗಾಂಭೀರ್ಯದಿಂದ, ನಿರೂಪಿಸುತ್ತದೆ. ಮೊದಲನೆಯವನು ಟೆಂಪ್ಲರ್, ಎರಡನೆಯವನು ಮದುವೆಯಾದ ಕೆಲವೇ ದಿನಗಳಲ್ಲಿ ಸಿಡುಬಿನಿಂದ ಸತ್ತ ಆಲ್ಟಮ್, ಮೂರನೆಯವನು ಪ್ಲಾಸಿಯ ಒಳಸಂಚಿನಲ್ಲಿ ಕೈಯಿದ್ದ ವಿಲಿಯಂ ವಾಟ್ಸ್, ನಾಲ್ಕನೆಯವನು ಪಾದ್ರಿ ಜಾನ್ಸನ್. ಪಾದ್ರಿ ಇಂಗ್ಲೆಂಡಿಗೆ ಹೊರಟುಹೋದಾಗ ಈಕೆ ಹೋಗಲಿಲ್ಲ. ಕಲ್ಕತ್ತೆಯಲ್ಲಿಯೇ ಉಳಿದು, ಇಸ್ಪೀಟಿನ ಕೂಟಗಳನ್ನು ನಡೆಸುತ್ತ, ಹಳೆಯ ನವಾಬನ ಕಾಲದ ಕಥೆಗಳನ್ನು ಹೇಳುತ್ತ, ಆ ಅಂಗಳದಲ್ಲಿ ತನ್ನ ಜಾಗವನ್ನು ಗವರ್ನರ್ ಜನರಲ್ ವೆಲ್ಲೆಸ್ಲಿಯಿಂದ ಮುಂಗಡವಾಗಿ ಗೊತ್ತುಮಾಡಿಕೊಂಡಳು. ಅವಳು ಸತ್ತ ವರ್ಷವೇ ಅವಳ ಮೊಮ್ಮಗ ಲಿವರ್‌ಪೂಲ್ ಪ್ರಭು ಇಂಗ್ಲೆಂಡಿನ ಪ್ರಧಾನಮಂತ್ರಿಯಾದನು. ಲೇಖದಲ್ಲಿ ಹಾಸ್ಯದ ಒಂದು ಅಕ್ಷರವೂ ಇಲ್ಲ. ಆದರೆ ನಾಲ್ವರು ಗಂಡಂದಿರೂ ಅಡಿಟಿಪ್ಪಣಿಗಳಾಗಿ, ಬಂಗಾಳದಲ್ಲಿ ನೆಲಸಿದ ಬ್ರಿಟಿಷರಲ್ಲೆಲ್ಲ ಹಿರಿಯಳಾದ ಆ ಅಜ್ಜಿಯೊಬ್ಬಳೇ ಮೂಲಗ್ರಂಥವಾಗಿ ಉಳಿಯುವುದನ್ನು ಓದಿ ನಗದಿರಲು ಬಹಳ ಸಂಯಮ ಬೇಕು.

ಇದುವರೆಗೆ ಹೇಳಿದವೆಲ್ಲ ಬಿಡಿ ಕಲ್ಲುಗಳು. ಊರಿಗೆ ಊರೇ ಹೀಗೆ ಮಾತನಾಡುವ ಸ್ಥಳವೊಂದಿದೆ: ರುಮೇನಿಯದ ಉತ್ತರದ ಅಂಚಿನ ಮಾರಾಮುರೆಷ್ ಸೀಮೆಯ ಸಪುಂತ್ಸ ಗ್ರಾಮ. ಅಲ್ಲಿ ಕಲ್ಲಿಲ್ಲ, ಓಕ್ ಮರದ ಶಿಲುಬೆಗಳು. ಸ್ಟಾನ್ ಇಯೋನ್ ಪತ್ರಾಷ್ ಎಂಬ ಬಡಗಿ 1935ರಿಂದ ಪ್ರತಿಯೊಂದು ಶಿಲುಬೆಗೂ ಗಾಢವಾದ ನೀಲಿಯನ್ನು ಬಳಿದು, ಸತ್ತವರು ಬದುಕಿದ್ದಾಗ ಮಾಡುತ್ತಿದ್ದ ಕೆಲಸವನ್ನೋ ಅವರ ಸಾವಿನ ಪ್ರಸಂಗವನ್ನೋ ಚಿತ್ರಿಸಿ, ಕೆಳಗೆ ಅವರೇ ಆಡಿದಂತೆ ಊರಿನ ಆಡುಮಾತಿನಲ್ಲಿ ಪದ್ಯ ಕೆತ್ತತೊಡಗಿದನು. 1977ರಲ್ಲಿ ಅವನು ಸಾಯುವ ವೇಳೆಗೆ ಇಂತಹವು ನೂರುಗಟ್ಟಲೆಯಾಗಿದ್ದವು. ತನ್ನ ಶಿಲುಬೆಯ ಪದ್ಯವನ್ನೂ ಅವನೇ ಬರೆದಿಟ್ಟಿದ್ದನು. ಕುರಿ ಕಾಯುವವನು, ನೂಲುವವಳು, ಬಾಟಲಿ ಬಿಡದವನು ಎಲ್ಲರೂ ಅಲ್ಲಿ ತಮ್ಮ ತಮ್ಮ ನಡತೆಯ ಸಮೇತ ಹಾಜರು. ಅತ್ತೆಯ ಶಿಲುಬೆಯೊಂದರ ಪದ್ಯ ದೂರದೂರಕ್ಕೆ ಹೆಸರಾಗಿದೆ: ಇನ್ನು ಮೂರು ದಿನ ಅವಳು ಬದುಕಿದ್ದರೆ ಇಲ್ಲಿ ನಾನು ಮಲಗಿ ಅವಳು ನಿಂತು ಓದುತ್ತಿದ್ದಳು, ಹೋಗುವವರೇ, ಸದ್ದು ಮಾಡಿ ಎಬ್ಬಿಸಬೇಡಿ, ಮನೆಗೆ ಬಂದರೆ ನನ್ನ ತಲೆ ತಿನ್ನುವಳು ಎಂದು. ಅತ್ತೆಯರ ವಿಷಯದಲ್ಲಿ ಇಷ್ಟು ಹೇಳಬಹುದಾದ ಊರು ಸುಖವಾದ ಊರೆಂದು ಕೆಲವರು ಭಾವಿಸಬಹುದು. ಅವರು ಅದೇ ಅಂಗಳದಲ್ಲಿ, ಮನೆಯ ಮುಂದೆ ಕಾರಿಗೆ ಸಿಕ್ಕಿ ಸತ್ತ ಹಸುಳೆಯೊಂದರ ಶಿಲುಬೆಯನ್ನೂ ಓದಬೇಕು. ಸಿಬಿಯುವಿನಿಂದ ಬಂದ ಟ್ಯಾಕ್ಸಿಯೇ, ನೀನು ಸುಟ್ಟುಹೋಗು, ಇಷ್ಟು ದೊಡ್ಡ ರುಮೇನಿಯದಲ್ಲಿ ನಿಲ್ಲುವುದಕ್ಕೆ ನಿನಗೆ ನಮ್ಮ ಮನೆಯ ಮುಂಭಾಗವೇ ಬೇಕಾಗಿತ್ತೆ ಎಂದು ಆ ಮಗು ಶಪಿಸುತ್ತದೆ. ಧ್ವನಿ ಅದೇ, ಪದ್ಯದ ಧಾಟಿ ಅದೇ. ನಗೆ ಮಾತ್ರ ಇಲ್ಲ. ಆ ಸ್ಮಶಾನಕ್ಕೆ ನಗುವ ಸ್ಮಶಾನವೆಂದು ಹೆಸರಿಟ್ಟ ಪ್ರವಾಸಿಗಳಿಗಿಂತ ಅದನ್ನು ಕೆತ್ತಿದ ಬಡಗಿಗೆ ತನ್ನ ಕೆಲಸ ಏನೆಂಬುದು ಚೆನ್ನಾಗಿ ತಿಳಿದಿತ್ತು: ಸತ್ತವರ ಮಾತು ಏನು ಉಳಿದಿತ್ತೋ ಅದನ್ನು ಆಡಿಸಿಬಿಡುವುದು.

ಕೊನೆಯ ಮಾತು ತನ್ನದಾಗಬೇಕೆಂಬ ಹಟಕ್ಕೆ ನಮ್ಮ ಅಹಮದ್‌ನಗರದಲ್ಲಿ 1918ರಲ್ಲಿ ಹುಟ್ಟಿ ಬಿಬಿಸಿಯ ರೇಡಿಯೋ ಪ್ರಹಸನಗಳಿಂದ ಖ್ಯಾತನಾದ ಸ್ಪೈಕ್ ಮಿಲಿಗನ್ನನನ್ನು ಮೀರಿಸಿದವರಿಲ್ಲ. ನನಗೆ ಮೈ ಸರಿಯಿಲ್ಲವೆಂದು ಆಗಲೇ ಹೇಳಿರಲಿಲ್ಲವೆ ಎಂಬರ್ಥದ ವಾಕ್ಯವನ್ನು ಅವನು ತನ್ನ ಗೋರಿಗೆ ಆರಿಸಿದ್ದನು. 2002ರಲ್ಲಿ ಅವನು ಸತ್ತಮೇಲೆ ಚರ್ಚಿನ ಅಧಿಕಾರಿಗಳು ಇಂಗ್ಲಿಷಿನಲ್ಲಿ ಅದನ್ನು ಕೆತ್ತಲು ಸಮ್ಮತಿಸಲಿಲ್ಲ, ಐರಿಷಿನಲ್ಲಾದರೆ ಆಗಬಹುದೆಂದರು. 2004ರಲ್ಲಿ ವಿಂಚೆಲ್ಸಿಯ ಚರ್ಚಿನಂಗಳದಲ್ಲಿ ಐರಿಷ್ ಲೇಖದ ಕಲ್ಲು ನಿಂತಿತು. ಊರಿನವರಿಗೆ ಅರ್ಥವಾಗದ ಭಾಷೆಯಲ್ಲಿ ಇದ್ದರೆ ಹಾಸ್ಯ ಧರ್ಮಬಾಹಿರವಲ್ಲವೆಂಬ ಈ ವ್ಯವಸ್ಥೆ ನಮ್ಮ ಪುರೋಹಿತವರ್ಗಕ್ಕೆ ಅಪರಿಚಿತವೇನೂ ಅಲ್ಲ.

ಮನುಷ್ಯರ ಮಾತು ಸಾಕು. ಎರಡು ನಾಯಿಗಳ ವಿಷಯ ಹೇಳಿ ಮುಗಿಸುತ್ತೇನೆ. ಬೈರನ್ ಕವಿ 1808ರಲ್ಲಿ ಹುಚ್ಚಿನಿಂದ ಸತ್ತ ತನ್ನ ಬೋಸನ್ ಎಂಬ ನಾಯಿಗೆ ನ್ಯೂಸ್ಟೆಡ್ ಅಬೆಯಲ್ಲಿ ಕಟ್ಟಿಸಿದ ಸ್ಮಾರಕ ಅವನಿಗೆ ದೊರೆತ ಗೋರಿಗಿಂತ ದೊಡ್ಡದು. ಅದರ ಲೇಖದಲ್ಲಿ ನಾಯಿಯ ಹೊಗಳಿಕೆಗಿಂತ ಮನುಷ್ಯರ ನಿಂದೆ ಹೆಚ್ಚು. ಇದಕ್ಕೆ ಎಂಟುನೂರೈವತ್ತಕ್ಕೂ ಹೆಚ್ಚು ವರ್ಷ ಮುಂಚೆ ಮಂಡ್ಯ ಸೀಮೆಯ ಆತಕೂರಿನಲ್ಲಿ ನಿಂತ, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿರುವ ಕಲ್ಲು ಬೇರೆಯ ಮನೋಧರ್ಮದ್ದು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನಿಗೆ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಬನವಾಸಿ ಪನ್ನಿರ್ಚ್ಛಾಸಿರ, ಬೆಳ್ವೊಲ ಮುನ್ನೂರು ಮೊದಲಾದ ನಾಡುಗಳನ್ನು ಕೊಟ್ಟನು. ಅದೇ ಯುದ್ಧದಲ್ಲಿ ಬೂತುಗನ ಆಳಾಗಿ ಕಾದಿದ ಮಣಲೇರನಿಗೆ ಬೂತುಗನು ಮೆಚ್ಚಿ, ಬೇಕಾದುದನ್ನು ಬೇಡೆಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಬೆಳತೂರಿನ ಪಡುವಣ ಮೊರಡಿಯಲ್ಲಿ ಅದನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಅದಕ್ಕಾಗಿ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಡಿಸಿ, ನಾಯಿ ಹಂದಿಗಳು ಕಚ್ಚಾಡುವ ಚಿತ್ರವನ್ನು ಕೆತ್ತಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗದ ಭೂಮಿಯನ್ನು ದತ್ತಿ ಬಿಟ್ಟರು. ದಕ್ಷಿಣ ಭಾರತದ ಇತಿಹಾಸದ ಗತಿಯನ್ನು ಬದಲಿಸಿದ ಯುದ್ಧವೊಂದಕ್ಕೆ ಇಂದು ಮುಖ್ಯವಾದ ಆಧಾರ ಒಂದು ನಾಯಿಯ ಸ್ಮಾರಕ. ಚರಿತ್ರಕಾರರು ಈ ಉಪಕಾರವನ್ನು ಸಾಕಷ್ಟು ನೆನೆದಿಲ್ಲವೆಂದು ನನಗೆ ತೋರುತ್ತದೆ.

ಶಾಸನದ ಸ್ವಾರಸ್ಯ ಅದರ ದಂಡನೆಯ ಷರತ್ತಿನಲ್ಲಿದೆ. ಈ ಭೂಮಿಯನ್ನು ಅಳಿದವನೂ, ಆ ಕಲ್ಲನ್ನು ಪೂಜಿಸದೆ ಉಂಡ ಸ್ಥಾನದ ಗೊರವನೂ, ಎಂದರೆ ಗುಡಿಯ ಪೂಜಾರಿಯೂ, ಆ ನಾಯಿ ಮಾಡಿದ ಪಾಪವನ್ನು ಹೊರುವರೆಂದು ಅದು ವಿಧಿಸುತ್ತದೆ. ವಾರಣಾಸಿಯ ಸಾವಿರ ಕವಿಲೆಗಳ ಲೆಕ್ಕ ಇಲ್ಲಿಲ್ಲ. ಬೇಟೆನಾಯಿಯೊಂದು ತನ್ನ ಆಯುಷ್ಯದಲ್ಲಿ ಎಷ್ಟು ಮೊಲಗಳನ್ನು, ಎಷ್ಟು ಮಿಗಗಳನ್ನು, ಯಾರ ಯಾರ ಮನೆಯ ಕೋಳಿಗಳನ್ನು ಕೊಂದಿರಬಹುದು ಎಂಬುದನ್ನು ಎಣಿಸಿಕೊಳ್ಳುವ ಹೊಣೆಯನ್ನು ಶಾಸನಕಾರ ಗೊರವನಿಗೇ ಬಿಟ್ಟಿದ್ದಾನೆ. ನಾಯಿಗೂ ಪಾಪಪುಣ್ಯದ ಖಾತೆ ಉಂಟೆಂದು ಇಷ್ಟು ಸಹಜವಾಗಿ ಒಪ್ಪಿಕೊಂಡ ಧರ್ಮಬುದ್ಧಿಯ ಮುಂದೆ ಬೈರನನ ನಿಂದಾಸ್ತುತಿ ಹುಡುಗಾಟವೆನಿಸುತ್ತದೆ. ಗೊರವನ ಪ್ರಸ್ತಾಪ ಬಂದಾಗ ದತ್ತಿ ಉಪನ್ಯಾಸಕನು ಸ್ವಲ್ಪ ಮೆಲ್ಲಗೆ ಮಾತನಾಡಬೇಕಾದ್ದು ನ್ಯಾಯ, ಏಕೆಂದರೆ ಇಬ್ಬರೂ ಉಣ್ಣುವುದು ದತ್ತಿಯ ಅನ್ನವನ್ನೇ. ಆದಕಾರಣ ಇಲ್ಲಿಗೆ ಬರುವ ಮುನ್ನ ಈ ದತ್ತಿಯ ಪತ್ರವನ್ನು ತರಿಸಿಕೊಂಡು ಓದಿದೆ. ಅದರಲ್ಲಿ ನಾಯಿಯ ಮಾತಿಲ್ಲ. ಉಪನ್ಯಾಸ ಒಂದು ಗಂಟೆಗೆ ಕಡಿಮೆಯಾಗಕೂಡದೆಂದು ಮಾತ್ರ ಇದೆ. ಗೋಡೆಯ ಗಡಿಯಾರ ಒಂದು ಗಂಟೆ ಕಳೆದದ್ದನ್ನು ತೋರಿಸುತ್ತಿದೆ, ಕಾರ್ಯದರ್ಶಿಗಳು ಎಲೆ ಹಾಕಿದೆಯೆಂದು ಬಾಗಿಲಲ್ಲಿ ನಿಂತು ಸನ್ನೆ ಮಾಡುತ್ತಿದ್ದಾರೆ. ಅಧ್ಯಕ್ಷರ ಅಪ್ಪಣೆಯಾದರೆ ಊಟಕ್ಕೆ ಏಳೋಣ.